ಏಜೆಂಟ್ ಕೊಡಿಸಿದ ರಿಫಂಡ್: ಈಗ ಇಲಾಖೆಯಿಂದ ಮೇಲ್ ಬಂದಿದೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಾನು ಪೀಣ್ಯದ ಒಂದು ಫ್ಯಾಕ್ಟರಿಲಿ ಸೂಪರ್‌ವೈಸರ್. ಈಗ ವರ್ಷಕ್ಕೆ 11.80 ಲಕ್ಷ ಸಂಬಳ, ಟಿಡಿಎಸ್ ಪಿಎಫ್ ಎಲ್ಲಾ ಕಳೆದು ಕೈಗೆ ತಿಂಗಳಿಗೆ ಸುಮಾರು 82 ಸಾವಿರ ಬರುತ್ತೆ. ನಮ್ಮ ಶಿಫ್ಟಿನವರಿಗೆಲ್ಲ ಒಬ್ಬ ಏಜೆಂಟ್ ರಿಟರ್ನ್ ಫೈಲ್ ಮಾಡ್ತಾನೆ, ಬಂದ ರಿಫಂಡಲ್ಲಿ 15 ಪರ್ಸೆಂಟ್ ಅವನಿಗೆ. ನನಗೆ 2022-23ರ ಸಂಬಳಕ್ಕೆ 62,400, 2023-24ರ ಸಂಬಳಕ್ಕೆ 72,800 ರೂಪಾಯಿ ಬಂತು. ಈ ವರ್ಷದ್ದು ಫೈಲ್ ಆಗಿದೆ, ದುಡ್ಡು ಬಂದಿಲ್ಲ. ಹೋದ ವಾರ ಇನ್‌ಕಮ್ ಟ್ಯಾಕ್ಸ್ ಇಲಾಖೆಯಿಂದ ಒಂದು ಮೇಲ್ ಬಂತು, ರಾಜಕೀಯ ಪಕ್ಷಕ್ಕೆ ಕೊಟ್ಟ ಡೊನೇಷನ್ ಸರಿಯಿದೆಯಾ ನೋಡ್ಕೊಳ್ಳಿ ಅಂತ. ನಾನು ಯಾವ ಪಕ್ಷಕ್ಕೂ ಒಂದು ರೂಪಾಯಿ ಕೊಟ್ಟಿಲ್ಲ ಸರ್. ಏಜೆಂಟ್ ಅಂತಾನೆ ಅದು ಕಂಪ್ಯೂಟರ್ ಮೆಸೇಜು, ಸುಮ್ನಿರಿ, ಬೇಕಾದ್ರೆ 5 ಸಾವಿರ ಕೊಡಿ ಸರಿ ಮಾಡಿಸ್ತೀನಿ ಅಂತ. ಬಂದ ದುಡ್ಡು ಟಿವಿ, ವಾಷಿಂಗ್ ಮಷೀನ್, ನಾದಿನಿ ಮದುವೆ ಅಂತ ಖರ್ಚಾಗಿ ಹೋಗಿದೆ. ಕ್ರೆಡಿಟ್ ಕಾರ್ಡಲ್ಲಿ 90 ಸಾವಿರ ಬಾಕಿ ಇದೆ, ಪರ್ಸನಲ್ ಲೋನ್ ಇದೆ, 12ನೇ ತಾರೀಖಿಗೆ ಸಂಬಳ ಖಾಲಿ. ಇಬ್ಬರು ಫ್ರೆಂಡ್ಸನ್ನ ಅವನ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಮನೇಲಿ ಯಾರಿಗೂ ಹೇಳಿಲ್ಲ. ನಿದ್ದೆ ಬರ್ತಿಲ್ಲ.

ಉತ್ತರ: ಮೊದಲು ಒಂದು ಮಾತು, ನಿಮಗೆ ಬಂದಿರೋದು ಬರೀ ಮೇಲ್ ಆಗಿದ್ರೆ, ಇನ್ನೂ ನೋಟಿಸ್ ಆಗಿಲ್ಲ ಅಂದ್ರೆ, ನೀವು ಬಹಳ ಜನಕ್ಕಿಂತ ಒಳ್ಳೇ ಜಾಗದಲ್ಲಿ ಇದ್ದೀರಿ. ತಪ್ಪನ್ನ ನೀವಾಗೇ ತಿದ್ದೋ ಬಾಗಿಲು ಇನ್ನೂ ತೆರೆದಿದೆ. ನೋಟಿಸ್ ಬಂದ ಮೇಲೆ ನನ್ನ ಹತ್ರ ಬಂದು ಕೂತು ಅತ್ತವರನ್ನ ನೋಡಿದೀನಿ, ಅವರಿಗೆ ಈ ಬಾಗಿಲು ಮುಚ್ಚಿ ಹೋಗಿತ್ತು. ನಾನಿದನ್ನ ಬರೀತಿರೋದು ನವೆಂಬರ್ 2025ರಲ್ಲಿ, ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಕೆಳಗೆ ಹೇಳೋ ಲೆಕ್ಕವೆಲ್ಲ ತಾರೀಖಿನ ಮೇಲೇ ನಿಂತಿದೆ.

ಏಜೆಂಟ್ ಹೇಳಿದ್ದು ಸುಳ್ಳು, ಅದು ಸುಮ್ನೆ ಬಂದ ಕಂಪ್ಯೂಟರ್ ಮೆಸೇಜ್ ಅಲ್ಲ. 2025 ಜುಲೈ 14ಕ್ಕೆ ಇಲಾಖೆ ದೇಶದ ಬೇರೆ ಬೇರೆ ಕಡೆ 150 ಜಾಗಗಳಲ್ಲಿ ಒಂದೇ ಸಲಕ್ಕೆ ಪರಿಶೀಲನೆ ಮಾಡ್ತು, ಎಲ್ಲಾ ನಿಮ್ಮ ಏಜೆಂಟ್ ಥರದವರ ಮೇಲೇ, ಸುಳ್ಳು ಡಿಡಕ್ಷನ್ (ಟ್ಯಾಕ್ಸ್ ಲೆಕ್ಕ ಹಾಕೋವಾಗ ಆದಾಯದಿಂದ ಕಳೆಯೋ ಮೊತ್ತ) ಹಾಕಿ ಕಮಿಷನ್ ಹೊಡೆಯೋರು. ಅವತ್ತು ಇಲಾಖೆಯನ್ನ ನಡೆಸೋ ನೇರ ತೆರಿಗೆ ಮಂಡಳಿ ಹೇಳಿದ ಪ್ರಕಾರ ಅದಕ್ಕೆ ಹಿಂದಿನ ನಾಲ್ಕೇ ತಿಂಗಳಲ್ಲಿ ಸುಮಾರು 40,000 ಜನ ತಾವಾಗೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ವಾಪಸ್ ತಗೊಂಡಿದ್ರು, ಅದೂ ಇಂಥದೇ ಎಸ್‌ಎಂಎಸ್ಸು, ಇಮೇಲು ನೋಡಿ. ನಮ್ಮೂರಿಗೂ ಇದು ಹೊಸದೇನಲ್ಲ, 2018ರ ಏಪ್ರಿಲ್‌ನಲ್ಲೇ ಬೆಂಗಳೂರಿನ ಸಿಪಿಸಿ, ಅಂದ್ರೆ ಎಲ್ಲರ ರಿಟರ್ನೂ ಪ್ರೊಸೆಸ್ ಆಗೋ ಸೆಂಟರ್, ಸಂಬಳದವರಿಗೆ ಅಂತಲೇ ಎಚ್ಚರಿಕೆ ಹೊರಡಿಸಿತ್ತು, ಇಂಥ ಮಧ್ಯವರ್ತಿಗಳ ಮಾತು ಕೇಳಿ ಸುಳ್ಳು ಕ್ಲೇಮ್ ಮಾಡ್ಬೇಡಿ ಅಂತ.

ಆದರೂ ಮೇಲ್‌ನಲ್ಲಿರೋ ಯಾವ ಲಿಂಕನ್ನೂ ಒತ್ಬೇಡಿ, ರಿಫಂಡ್ ಹೆಸರಲ್ಲಿ ಕಳ್ಳ ಮೇಲ್‌ಗಳೂ ಬೇಕಾದಷ್ಟು ಓಡಾಡ್ತಿವೆ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ಗೆ ನೀವೇ ಅಡ್ರೆಸ್ ಟೈಪ್ ಮಾಡಿ ಒಳಗೆ ಹೋಗಿ, ಪೆಂಡಿಂಗ್ ಆಕ್ಷನ್ಸ್ ಅಂತ ಇದೆ, ಅದರೊಳಗೆ ಇ-ಪ್ರೊಸೀಡಿಂಗ್ಸ್ ನೋಡಿ. ಅಲ್ಲಿ 143(2) (ರಿಟರ್ನ್ ಪರಿಶೀಲನೆಯ ನೋಟಿಸ್) ಅಥವಾ 148 (ಹಳೇ ವರ್ಷದ್ದನ್ನ ಮತ್ತೆ ತೆಗೆಯೋ ನೋಟಿಸ್) ಅಂತ ಸೆಕ್ಷನ್ ನಂಬರ್ ಹಾಕಿ, ಡಿಐಎನ್ (ಇಲಾಖೆಯ ಕಾಗದಕ್ಕೆ ಇರೋ ಗುರುತಿನ ನಂಬರ್) ಸಮೇತ ಏನಾದ್ರೂ ಕೂತಿದ್ಯಾ ಅಂತ ಖಚಿತ ಮಾಡ್ಕೊಳ್ಳಿ. ಇದ್ರೆ ಮುಂದಿಂದು ಓದೋದು ನಿಲ್ಲಿಸಿ, ಆ ವರ್ಷದ್ದನ್ನ ಒಬ್ಬ ಸಿಎ ಕೈಲೇ ಉತ್ತರ ಕೊಡಿಸ್ಬೇಕು.

ಇನ್ನೊಂದು ವಿಷ್ಯ, ಇದು ಇವತ್ತು ರಾತ್ರಿನೇ ಮಾಡೋದು. ಪೋರ್ಟಲ್‌ನಲ್ಲಿ ನಿಮ್ಮ ಪ್ರೊಫೈಲ್ ತೆಗೆದು ಅಲ್ಲಿರೋ ಇಮೇಲ್, ಮೊಬೈಲ್ ನಂಬರ್ ಯಾರದ್ದು ನೋಡಿ. ಈ ಏಜೆಂಟ್‌ಗಳು ಏನ್ ಮಾಡ್ತಾರೆ ಅಂದ್ರೆ ನೂರಾರು ಜನರ ರಿಟರ್ನ್ ಹಾಕೋಕೆ ಅಂತಲೇ ತಾತ್ಕಾಲಿಕ ಇಮೇಲ್ ಐಡಿ ಮಾಡ್ಕೊಂಡಿರ್ತಾರೆ, ಸೀಸನ್ ಮುಗಿದ ಮೇಲೆ ಅದನ್ನ ಯಾರೂ ತೆರೆಯಲ್ಲ, ನೋಟಿಸ್ ಬಂದ್ರೂ ಅಲ್ಲೇ ಕೊಳೀತಾ ಬಿದ್ದಿರುತ್ತೆ, ಉತ್ತರ ಕೊಡೋ ದಿನ ಮುಗಿದೇ ಹೋಗಿರುತ್ತೆ. ಈ ಮಾತನ್ನ ಇಲಾಖೆನೇ ಜುಲೈನಲ್ಲಿ ಹೇಳಿದೆ. ನಿಮಗೆ ಮೇಲ್ ನಿಮ್ಮ ಇನ್‌ಬಾಕ್ಸಿಗೇ ಬಂದಿದೆ ಅಂದ್ರೆ ಅದು ಅದೃಷ್ಟ. ಪಾಸ್‌ವರ್ಡ್ ಬದಲಾಯಿಸಿ, ಎರಡನೇ ಇಮೇಲ್, ಎರಡನೇ ಮೊಬೈಲ್ ಅಂತ ಇರೋ ಜಾಗದಲ್ಲೂ ಅವನದ್ದು ಇದ್ರೆ ತೆಗೆದುಹಾಕಿ. ಅದೇ ಹೊತ್ತಿಗೆ ಮೂರು ವರ್ಷದ ರಿಟರ್ನ್ ಪಿಡಿಎಫ್, ಫಾರ್ಮ್ 16 (ಕಂಪನಿ ಕೊಡೋ ಸಂಬಳ, ಟಿಡಿಎಸ್ ಪ್ರಮಾಣಪತ್ರ), 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿರೋ ಟ್ಯಾಕ್ಸಿನ ಪಟ್ಟಿ), ಎಐಎಸ್ (ನಿಮ್ಮ ಆದಾಯ, ವ್ಯವಹಾರದ ಬಗ್ಗೆ ಇಲಾಖೆ ಹತ್ರ ಇರೋ ಪಟ್ಟಿ) ಎಲ್ಲಾ ಡೌನ್‌ಲೋಡ್ ಮಾಡಿಟ್ಕೊಳ್ಳಿ. ನೀವು ಆ ರಿಟರ್ನ್‌ಗಳನ್ನ ಒಂದು ಸಲನೂ ತೆಗೆದು ಓದಿರಲ್ಲ ಅನ್ಸುತ್ತೆ. ಓದಿ. ಡೊನೇಷನ್ ಒಂದೇ ಅಲ್ಲ, ಇಲ್ಲದ ಹೆಲ್ತ್ ಇನ್ಶೂರೆನ್ಸು, ಇಲ್ಲದ ಎಜುಕೇಷನ್ ಲೋನಿನ ಬಡ್ಡಿ, ಕೊಡದೇ ಇರೋ ಬಾಡಿಗೆ, ಎಲೆಕ್ಟ್ರಿಕ್ ಗಾಡಿ ಸಾಲದ ಬಡ್ಡಿ ಇವೆಲ್ಲಾ ಇರಬಹುದು, ತಿದ್ದೋವಾಗ ಎಲ್ಲವನ್ನೂ ಒಟ್ಟಿಗೇ ತೆಗೀಬೇಕು, ಮೇಲ್ ಬಂದಿರೋದು ಒಂದಕ್ಕೇ ಅಲ್ವಾ ಅಂತ ಅದೊಂದನ್ನೇ ತೆಗೆದ್ರೆ ನೀವು ಎರಡನೇ ಸಲ ಸುಳ್ಳು ಹೇಳಿದ ಹಾಗೆ.

ಇದು ನಡೆಯೋದು ಹೇಗೆ ಅಂತ ತಿಳ್ಕೊಂಡ್ರೆ ಭಯ ಸ್ವಲ್ಪ ಕಮ್ಮಿ ಆಗುತ್ತೆ. ನಿಮ್ಮ ಕಂಪನಿ ನಿಮ್ಮ ಸಂಬಳದಿಂದ ಸರಿಯಾಗೇ ಟ್ಯಾಕ್ಸ್ ಹಿಡಿದು ಸರ್ಕಾರಕ್ಕೆ ಕಟ್ಟಿತ್ತು. ಏಜೆಂಟ್ ಮಾಡಿದ್ದು ಇಷ್ಟೇ, ಫಾರ್ಮ್ 16ರಲ್ಲಿ ಇಲ್ಲದ 3 ಲಕ್ಷದ ಡಿಡಕ್ಷನ್ನನ್ನ ರಿಟರ್ನ್‌ನಲ್ಲಿ ತುಂಬಿದ. ನೀವಿದ್ದದ್ದು 20 ಪರ್ಸೆಂಟ್ ಸ್ಲ್ಯಾಬಲ್ಲಿ, ಸೆಸ್ ಸೇರಿ 20.8, ಅಂದ್ರೆ 3 ಲಕ್ಷಕ್ಕೆ 62,400. ಎರಡನೇ ವರ್ಷ ಧೈರ್ಯ ಬಂತು, ಮೂರೂವರೆ ಲಕ್ಷ ಹಾಕಿದ, 72,800. ಇದ್ರಲ್ಲಿ ಅವನ ಯಾವ ವಿದ್ಯೆನೂ ಇಲ್ಲ, ಯಾವ ಕಾನೂನಿನ ಸೂಕ್ಷ್ಮನೂ ಇಲ್ಲ, ಒಂದು ಬಾಕ್ಸಲ್ಲಿ ಒಂದು ನಂಬರ್ ಟೈಪ್ ಮಾಡೋದು ಅಷ್ಟೇ. ಆವಾಗ ಪ್ರೂಫ್ ಅಟ್ಯಾಚ್ ಮಾಡಿ ಅಂತ ರಿಟರ್ನ್ ಕೇಳ್ತಿರಲಿಲ್ಲ, ಸಿಸ್ಟಮ್ ನಿಮ್ಮನ್ನ ನಂಬಿ ಮೊದಲು ದುಡ್ಡು ಕೊಡುತ್ತೆ, ಆಮೇಲೆ ಲೆಕ್ಕ ತಾಳೆ ನೋಡುತ್ತೆ. ರಿಫಂಡ್ ಬಂತು ಅಂದ್ರೆ ಪಾಸ್ ಆಯ್ತು ಅಂತ ಜನ ಅಂದ್ಕೊಳ್ತಾರೆ, ಹಾಗಲ್ಲ. ಪಕ್ಷದವರು ತಮಗೆ ಬಂದ ದೇಣಿಗೆ ಲೆಕ್ಕ ಕೊಡ್ತಾರೆ, ಬ್ಯಾಂಕಿಂದ ಲೋನ್ ಲೆಕ್ಕ ಸಿಗುತ್ತೆ, ಎಲ್ಲಾ ಪ್ಯಾನ್ ನಂಬರ್‌ಗೆ ಅಂಟ್ಕೊಂಡಿರುತ್ತೆ. ಈ ವರ್ಷದಿಂದಂತೂ ರಿಟರ್ನ್ ಫಾರ್ಮಲ್ಲೇ ಪಾಲಿಸಿ ನಂಬರ್ ಕೊಡಿ, ಲೋನ್ ಅಕೌಂಟ್ ನಂಬರ್ ಕೊಡಿ ಅಂತ ಕೇಳ್ತಿದ್ದಾರೆ.

"ನಾನಲ್ಲ, ಏಜೆಂಟ್ ಹಾಕಿದ್ದು" ಅನ್ನೋ ಮಾತು ನಿಮ್ಮ ಮನಸ್ಸಲ್ಲಿ ಓಡ್ತಿದ್ರೆ ಅದನ್ನ ಬಿಡಿ, ಕಾನೂನಿನ ಎದುರು ಅದು ನಿಲ್ಲಲ್ಲ. ಓಟಿಪಿ ಹೇಳಿದ್ದು ನೀವು, ವೆರಿಫೈ ಆಗಿದ್ದು ನಿಮ್ಮ ಹೆಸರಲ್ಲಿ, ದುಡ್ಡು ಬಿದ್ದಿದ್ದು ನಿಮ್ಮ ಅಕೌಂಟಿಗೆ. ಎಷ್ಟು ರಿಫಂಡ್ ಬರುತ್ತೋ ಅಷ್ಟರ ಮೇಲೆ ಪರ್ಸೆಂಟೇಜ್ ಕೇಳೋನು ಯಾವತ್ತೂ ನಿಮ್ಮ ಪರ ಕೆಲ್ಸ ಮಾಡ್ತಿರಲ್ಲ, ನಿಮ್ಮ ಸುಳ್ಳು ದೊಡ್ಡದಾದಷ್ಟೂ ಅವನಿಗೆ ಲಾಭ, ಸಿಕ್ಕಿಹಾಕ್ಕೊಂಡ್ರೆ ನಷ್ಟ ಪೂರ್ತಿ ನಿಮ್ಮದು. ಎರಡು ವರ್ಷ ಸೇರಿ ನಿಮಗೆ ಬಂದಿದ್ದು 1,35,200, ಅದರಲ್ಲಿ 20,280 ಅವನ ಕೈಗೆ ಹೋಯ್ತು, ವಾಪಸ್ ಕಟ್ಟೋವಾಗ ಆ 20,280ನ್ನೂ ನೀವೇ ಕಟ್ಟಬೇಕು. ಈಗ ಆ 5 ಸಾವಿರ ಬೇರೆ ಕೇಳ್ತಿದಾನೆ. ಒಂದು ಪೈಸೆನೂ ಕೊಡ್ಬೇಡಿ. ಅವನ ವಾಟ್ಸಾಪ್ ಮೆಸೇಜು, ನೀವು ಯುಪಿಐಲಿ ಕಳಿಸಿದ ಕಮಿಷನ್ನಿನ ದಾಖಲೆ ಎಲ್ಲಾ ಸ್ಕ್ರೀನ್‌ಶಾಟ್ ತೆಗೆದಿಡಿ, ಡಿಲೀಟ್ ಮಾಡ್ಬೇಡಿ, ನಾಳೆ ಯಾರಾದ್ರೂ ಅಧಿಕಾರಿ ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳೋಕೆ ಬೇಕಾಗುತ್ತೆ.

ಈಗ ತಿದ್ದೋ ದಾರಿ. ಈ ವರ್ಷ ಫೈಲ್ ಆಗಿರೋದು, ಅಂದ್ರೆ 2024-25ರ ಸಂಬಳದ್ದು, ಇದು ಸುಲಭ. ಡಿಸೆಂಬರ್ 31ರೊಳಗೆ ರಿವೈಸ್ಡ್ ರಿಟರ್ನ್ ಹಾಕಿ ಸುಳ್ಳನ್ನೆಲ್ಲ ತೆಗೆದ್ಬಿಡಿ, ದುಡ್ಡು ಇನ್ನೂ ಬಂದಿಲ್ವಲ್ಲ, ಹಾಗಾಗಿ ದಂಡನೂ ಇಲ್ಲ ಬಡ್ಡಿನೂ ಇಲ್ಲ. ಹಾಕೋವಾಗ ಟ್ಯಾಕ್ಸಿನ ಹಳೇ ಪದ್ಧತಿ (ಡಿಡಕ್ಷನ್‌ಗಳು ಇರೋದು), ಹೊಸ ಪದ್ಧತಿ (ರೇಟ್ ಕಮ್ಮಿ, ಹೆಚ್ಚಿನ ಡಿಡಕ್ಷನ್ ಇಲ್ಲದ್ದು) ಎರಡರ ಲೆಕ್ಕನೂ ಸಿಎ ಹತ್ರ ಹಾಕ್ಸಿ ನೋಡಿ.

ಹಿಂದಿನ ಎರಡು ವರ್ಷಕ್ಕೆ ಇರೋದು ಅಪ್‌ಡೇಟೆಡ್ ರಿಟರ್ನ್, ಐಟಿಆರ್-ಯು ಅಂತಾರೆ. 2022ರಲ್ಲಿ ತಂದ ವ್ಯವಸ್ಥೆ, ಮೊದಲು ಎರಡು ವರ್ಷದ ಅವಕಾಶ ಇತ್ತು, 2025ರ ಬಜೆಟ್ಟಲ್ಲಿ ನಾಲ್ಕು ವರ್ಷಕ್ಕೆ ವಿಸ್ತರಿಸಿದ್ರು. ಬರಬೇಕಾದ ಟ್ಯಾಕ್ಸ್, ಅದರ ಮೇಲಿನ ಬಡ್ಡಿ, ಇವೆರಡನ್ನ ಕೂಡಿಸಿ ಅದರ ಮೇಲೆ ಹೆಚ್ಚುವರಿ ಟ್ಯಾಕ್ಸ್ ಕಟ್ಟಬೇಕು. ಅಸೆಸ್‌ಮೆಂಟ್ ವರ್ಷ, ಅಂದ್ರೆ ಸಂಬಳ ಬಂದ ವರ್ಷದ ಮುಂದಿನ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷ, ಮುಗಿದ ಮೇಲೆ ಮೊದಲ 12 ತಿಂಗಳಾದ್ರೆ 25 ಪರ್ಸೆಂಟ್, 24 ತಿಂಗಳೊಳಗಾದ್ರೆ 50, ಆಮೇಲೆ 60, ಕೊನೇ ವರ್ಷ 70. ದುಡ್ಡು ಮೊದಲು ಕಟ್ಟಿ ಆ ಚಲನ್ ನಂಬರ್ ಹಾಕಿದ್ರೇನೇ ಫೈಲ್ ಆಗೋದು, ಕಂತಿನ ಸೌಲಭ್ಯ ಇಲ್ಲ. ಒಂದು ವರ್ಷಕ್ಕೆ ಒಂದೇ ಸಲ ಹಾಕೋಕಾಗೋದು, ಆದ್ದರಿಂದ ಇದನ್ನ ನೀವೇ ರಾತ್ರಿ ಕೂತು ಮೊಬೈಲಲ್ಲಿ ಮಾಡೋಕೆ ಹೋಗ್ಬೇಡಿ, ಸಿಎ ಹತ್ರ ಫೀಸ್ ಕೊಟ್ಟು ಮಾಡಿಸಿ.

ನಿಮ್ಮ ನಂಬರ್‌ನಲ್ಲೇ ಹೇಳ್ತೀನಿ, ಬಡ್ಡಿ ತಿಂಗಳಿಗೆ 1 ಪರ್ಸೆಂಟ್ ಲೆಕ್ಕ, ಅಸೆಸ್‌ಮೆಂಟ್ ವರ್ಷದ ಏಪ್ರಿಲ್‌ನಿಂದ. 2022-23ರ ಸಂಬಳದ್ದಕ್ಕೆ 62,400 ಮೂಲ, 2023 ಏಪ್ರಿಲ್‌ನಿಂದ ಈ ನವೆಂಬರ್‌ವರೆಗೆ 32 ತಿಂಗಳು, ಬಡ್ಡಿ 19,968. ಒಟ್ಟು 82,368. ಅದಕ್ಕೆ 50 ಪರ್ಸೆಂಟ್ ಅಂದ್ರೆ 41,184 ಸೇರಿಸಿದ್ರೆ 1,23,552. ಇನ್ನೊಂದಕ್ಕೆ 72,800 ಮೂಲ, 20 ತಿಂಗಳ ಬಡ್ಡಿ 14,560, ಒಟ್ಟು 87,360, ಅದಕ್ಕೆ 25 ಪರ್ಸೆಂಟ್ 21,840, ಎಲ್ಲಾ ಸೇರಿ 1,09,200. ಎರಡೂ ಕೂಡಿಸಿದ್ರೆ 2,32,752. ಫೈಲ್ ಮಾಡೋ ಹೊತ್ತಿಗೆ ಸಾಫ್ಟ್‌ವೇರ್ ಹಾಕೋ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು, ಆದ್ರೆ 2.35 ಲಕ್ಷದ ಅಂದಾಜು ಇಟ್ಕೊಳ್ಳಿ.

ಓದಿ ಎದೆ ಧಸಕ್ ಅಂದಿರುತ್ತೆ, ಗೊತ್ತು. ಕೈಗೆ ಸಿಕ್ಕಿದ್ದು 1.15 ಲಕ್ಷ, ಕಟ್ಟೋದು ಅದರ ಎರಡರಷ್ಟು. ಆದ್ರೆ ಸುಮ್ನಿದ್ರೆ ಏನಾಗುತ್ತೆ ಅದನ್ನೂ ನೋಡಿ. ಇಲಾಖೆನೇ ಹಿಡಿದು ಇದು ಬೇಕಂತಲೇ ತಪ್ಪು ಮಾಹಿತಿ ಕೊಟ್ಟಿದ್ದು ಅಂತ ಸೆಕ್ಷನ್ 270ಎ ಹಾಕಿದ್ರೆ ದಂಡ ಟ್ಯಾಕ್ಸಿನ 200 ಪರ್ಸೆಂಟ್. ಮೂಲ 1,35,200, ದಂಡ 2,70,400, ಒಟ್ಟು 4,05,600, ಬಡ್ಡಿ ಇನ್ನೂ ಇದರಾಚೆ. ಟ್ಯಾಕ್ಸ್ ತಪ್ಪಿಸಿದ್ದಕ್ಕೆ, ಸುಳ್ಳು ಹೇಳಿಕೆಗೆ ಕ್ರಿಮಿನಲ್ ಕೇಸ್ ಹಾಕೋ ಸೆಕ್ಷನ್‌ಗಳೂ ಕಾಯ್ದೆಯಲ್ಲಿ ಇವೆ. ನಿಮ್ಮಂಥವರೆಲ್ಲರ ಮೇಲೂ ಕೇಸ್ ಬೀಳುತ್ತೆ ಅಂತ ಹೆದರಿಸ್ತಿಲ್ಲ, ಆದ್ರೆ ಎರಡು ಮಕ್ಕಳ ತಂದೆ ಅಂಥ ರಿಸ್ಕ್ ಇಟ್ಕೊಂಡು ಮಲಗೋದು ಬೇಡ ಅಂತೀನಿ.

ತಾರೀಖಿನ ಮಾತು ಹೇಳಿದ್ನಲ್ಲ, ಅದು ಮಾರ್ಚ್ 31, 2026. ಆ ದಿನ ದಾಟಿದ್ರೆ ಮೊದಲನೇದು 50ರಿಂದ 60ಕ್ಕೆ ಏರುತ್ತೆ, ಎರಡನೇದು 25ರಿಂದ ನೇರ 50ಕ್ಕೆ ಹೋಗುತ್ತೆ. ಅಂದ್ರೆ ದುಡ್ಡು ಒಂದಕ್ಕೇ ಹೊಂದಿದ್ರೆ ಹೊಸದನ್ನ, ಅಂದ್ರೆ 2023-24ರ ಸಂಬಳದ್ದನ್ನ ಮೊದಲು ಮಾಡಿ, ಎಲ್ಲರೂ ಹಳೇದು ಮೊದಲು ತೀರಿಸೋಣ ಅಂತಾರೆ, ಇಲ್ಲಿ ಅದು ಉಲ್ಟಾ. ಇಲಾಖೆಯ ಇಮೇಲ್ ಕೂಡ ಆ ವರ್ಷದ ಬಗ್ಗೆನೇ ಬಂದಿದ್ರೆ ಇನ್ನೂ ಸರಿಯೇ. ಆದ್ರೆ ಎರಡೂ ಮಾರ್ಚ್ ಒಳಗೇ ಮುಗೀಬೇಕು, ನೋಟಿಸ್ ಯಾವತ್ತು ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ.

ಈಗ ನಿಮ್ಮ ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿದ ವಿಷ್ಯಕ್ಕೆ ಬರ್ತೀನಿ. ನಿಮ್ಮ ಕೈಗೆ 82 ಸಾವಿರ ಬರ್ತಿದೆ ಅಂದ್ರೆ ಕಂಪನಿ ಈಗಲೂ ಹಳೇ ಪದ್ಧತಿಲೇ ತಿಂಗಳಿಗೆ ಸುಮಾರು 10,200 ಟಿಡಿಎಸ್ ಹಿಡೀತಿದೆ. ಯಾಕೆ? ನಾನು ಬಲ್ಲ ಹಾಗೆ ಈ ಏಜೆಂಟ್‌ಗಳು ಎಲ್ಲರಿಗೂ ಹೇಳೋ ಮಾತು ಒಂದೇ, "ಆಫೀಸಲ್ಲಿ ಹಳೇದನ್ನೇ ಇಟ್ಕೊಳ್ಳಿ, ಹೊಸದ್ರಲ್ಲಿ ರಿಫಂಡ್ ಬರಲ್ಲ" ಅಂತ. ನಿಮಗೂ ಹೇಳಿರ್ತಾನೆ. ಹೊಸ ಪದ್ಧತಿಲಿ ಡೊನೇಷನ್ನು, ಇನ್ಶೂರೆನ್ಸು, ಬಾಡಿಗೆ ಯಾವುದಕ್ಕೂ ಡಿಡಕ್ಷನ್ ಇಲ್ಲ, ಹಾಗಾಗಿ ಸುಳ್ಳು ಹಾಕೋಕೆ ಬಾಕ್ಸೇ ಇಲ್ಲ, ಅವನ ಅಂಗಡಿ ಬಂದ್. ಆದ್ರೆ 2025 ಏಪ್ರಿಲ್‌ನಿಂದ ಹೊಸ ಪದ್ಧತಿಲಿ 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ, ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ. ನಿಮ್ಮ ಸಂಬಳ 11.80. ಈ ವರ್ಷ ನೀವು ಕಟ್ಟಬೇಕಾದ ಟ್ಯಾಕ್ಸ್ ಸೊನ್ನೆ. ಹಳೇ ಪದ್ಧತಿಲಿ ನಿಮ್ಮ ಪಿಎಫ್ ಎಲ್‌ಐಸಿ ಎಲ್ಲಾ ಕಳೆದು 1.10 ಲಕ್ಷ ಹಿಡಿದ್ರೂ 1,22,000ದ ಮೇಲೆ ಆಗುತ್ತೆ. ಸುಳ್ಳು ಹೇಳಿ 72,800 ವಾಪಸ್ ಕೊಡಿಸಿ ದೊಡ್ಡ ಉಪಕಾರ ಮಾಡಿದೆ ಅನ್ನೋನು, ಸತ್ಯ ಹೇಳಿದ್ರೆ ಪೂರ್ತಿ ಉಳಿಯೋ ದುಡ್ಡಿನಿಂದ ನಿಮ್ಮನ್ನ ದೂರ ಇಟ್ಟಿದಾನೆ.

ಹಾಗಾಗಿ ನಾಳೆನೇ ಎಚ್‌ಆರ್ ಹತ್ರ ಹೋಗಿ ಹೊಸ ಪದ್ಧತಿಗೆ ಹಾಕಿ ಅಂತ ಬರೆದುಕೊಡಿ. ಕೆಲವು ಕಂಪನಿಗಳು ವರ್ಷದ ಮಧ್ಯೆ ಬದಲಾಯಿಸಲ್ಲ ಅಂತಾರೆ, ಅಂದ್ರೂ ಪರ್ವಾಗಿಲ್ಲ, ಮುಂದಿನ ಜೂನ್ ಜುಲೈನಲ್ಲಿ ರಿಟರ್ನ್ ಹಾಕೋವಾಗ ನೀವೇ ಹೊಸದನ್ನ ಆರಿಸಿ, ಹಿಡಿದಿದ್ದೆಲ್ಲ ವಾಪಸ್ ಬರುತ್ತೆ. ಬದಲಾಯಿಸಿದ್ರೆ ತಿಂಗಳಿಗೆ 10,200 ಈಗಿಂದಲೇ ಕೈಗೆ, ಇಲ್ಲಿವರೆಗಿನ 8 ತಿಂಗಳದ್ದು 81,600 ಮುಂದಿನ ವರ್ಷ ರಿಫಂಡ್. ಇದು ನಿಮ್ಮದೇ ದುಡ್ಡು, ಹೆಚ್ಚಾಗಿ ಹಿಡಿದಿದ್ದನ್ನ ವಾಪಸ್ ಕೊಡೋದು, ಅದಕ್ಕೇ ಅದಕ್ಕೆ ರಿಫಂಡ್ ಅನ್ನೋದು. ಎರಡು ವರ್ಷ ನೀವು ತಗೊಂಡಿದ್ದು ರಿಫಂಡ್ ಅಲ್ಲ, ಸರ್ಕಾರದಿಂದ ಹೇಳದೇ ಎತ್ಕೊಂಡ ಸಾಲ. ಅದನ್ನ ಬೋನಸ್ ಥರ ಖರ್ಚು ಮಾಡಿದ್ದಕ್ಕೇ ಇಷ್ಟು ನೋವು.

2.35 ಲಕ್ಷ ಎಲ್ಲಿಂದ ತರೋದು ಅಂತೀರ. ಲೋನ್ ಆಪ್ ಮುಟ್ಬೇಡಿ, ಕಾರ್ಡಿಂದ ತೆಗೀಬೇಡಿ, ಕೈಸಾಲ ಬಡ್ಡಿಗೆ ತರ್ಬೇಡಿ. ಫ್ಯಾಕ್ಟರಿಲಿ ನೌಕರರ ಸಹಕಾರ ಸೊಸೈಟಿ ಇದ್ರೆ ಅಲ್ಲಿ ಕೇಳಿ, ಇಲ್ಲಾಂದ್ರೆ ಮನೇಲಿರೋ ಒಡವೆ ಬ್ಯಾಂಕಲ್ಲಿ ಇಟ್ಟು ಸಾಲ ತಗೊಳ್ಳಿ, ವರ್ಷಕ್ಕೆ 9ರಿಂದ 11 ಪರ್ಸೆಂಟ್ ಆಸುಪಾಸು, 10 ಅಂತ ಇಟ್ಕೊಂಡ್ರೆ ತಿಂಗಳಿಗೆ ಎರಡು ಸಾವಿರದೊಳಗೆ ಬಡ್ಡಿ. ಟಿಡಿಎಸ್ ನಿಂತು ಉಳಿಯೋ 10,200 ಪ್ರತಿ ತಿಂಗಳೂ ಇದಕ್ಕೇ ಹೋಗಲಿ, ಮುಂದಿನ ವರ್ಷದ ರಿಫಂಡೂ ಇದಕ್ಕೇ, ಒಂದೂವರೆ ವರ್ಷದೊಳಗೆ ಒಡವೆ ಬಿಡಿಸ್ಕೊಂಡು ಮನೆಗೆ ತರಬಹುದು. ಒಡವೆ ಅಂದ ಮೇಲೆ ಮನೆಯವರಿಗೆ ಹೇಳಲೇಬೇಕು. ಹೇಳಿ. ಅವರ ತಂಗಿ ಮದುವೆಗೂ ಈ ದುಡ್ಡು ಹೋಗಿದೆ, ಅವರಿಗೆ ತಿಳಿಯೋ ಹಕ್ಕಿದೆ, ಮತ್ತೆ ಇಂಥದ್ದನ್ನ ಒಬ್ಬರೇ ಹೊತ್ಕೊಂಡು ತಿರುಗಿದವರು ಕೊನೆಗೆ ಇನ್ನೊಂದು ಕಡೆ ಸಾಲ ಮಾಡಿ ಮುಚ್ಚೋಕೆ ನೋಡ್ತಾರೆ, ನಾನು ಕಂಡಿದೀನಿ.

ಆದ್ರೆ ತಿಂಗಳ ಲೆಕ್ಕದಲ್ಲಿರೋ ತೂತು ಮುಚ್ಚದೇ ಇದ್ರೆ ಮುಂದಿನ ಜುಲೈಗೆ ಇನ್ನೊಬ್ಬ ಏಜೆಂಟ್ ಬರ್ತಾನೆ, ನೀವು ಮತ್ತೆ ಕೇಳ್ತೀರಿ. ನಾನು ಫೋನ್ ಮಾಡಿ ಕೇಳಿದಾಗ ನೀವು ಕೊಟ್ಟ ಲೆಕ್ಕ ಹೀಗಿತ್ತು: ಬಾಡಿಗೆ 18,000, ಪರ್ಸನಲ್ ಲೋನ್ ಇಎಂಐ 9,800, ಬೈಕ್ 4,200, ಫೋನ್ 3,600, ಕಾರ್ಡಿನ ಮಿನಿಮಮ್ 4,500, ಏರಿಯಾದಲ್ಲಿ ಹಾಕಿರೋ ಚೀಟಿ 10,000, ಊರಲ್ಲಿ ಅಪ್ಪ ಅಮ್ಮನಿಗೆ 6,000, ಸ್ಕೂಲ್ ಫೀಸ್ ತಿಂಗಳಿಗೆ ಹಂಚಿದ್ರೆ 7,500. ಕೂಡಿಸಿದ್ರೆ 63,600. ಉಳಿಯೋದು 18,400, ಅದರಲ್ಲಿ ನಾಲ್ಕು ಜನರ ಊಟ, ಗ್ಯಾಸು, ಕರೆಂಟು, ಪೆಟ್ರೋಲು, ಡಾಕ್ಟ್ರು. 12ನೇ ತಾರೀಖಿಗೆ ಖಾಲಿ ಆಗ್ದೇ ಇನ್ನೇನಾಗುತ್ತೆ? ನೀವು ದುಂದುಗಾರ ಅಂತ ನಿಮ್ಮನ್ನೇ ಬೈಕೊಂಡಿದ್ರಿ, ನನಗೆ ಹಾಗನ್ಸಲ್ಲ. ಸ್ಕೂಲ್ ಫೀಸ್ ಪ್ರತಿ ವರ್ಷ ಮೇ ತಿಂಗಳಲ್ಲಿ ಬರುತ್ತೆ ಅಂತ ಗೊತ್ತಿದ್ರೂ ಅದಕ್ಕೆ ಅಂತ ಎತ್ತಿಟ್ಟಿಲ್ಲ, ಕಾರ್ಡು ಉಜ್ಜಿದ್ರಿ, ಕಾರ್ಡ್ ಮುಚ್ಚೋಕೆ ಪರ್ಸನಲ್ ಲೋನ್ ತಗೊಂಡ್ರಿ, ಲೋನ್ ಇಎಂಐಯಿಂದ ತಿಂಗಳು ಕುಂಟಿತು, ಮತ್ತೆ ಕಾರ್ಡು. ಅಷ್ಟರಲ್ಲಿ ಜುಲೈ ಬಂತು, ಏಜೆಂಟ್ ಬಂದ.

ಇದರಲ್ಲಿ ಮೊದಲು ಸಾಯಿಸಬೇಕಾದ್ದು ಕಾರ್ಡ್. 90,000ಕ್ಕೆ ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ ಅಂದ್ರೆ 3,150, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 567, ಒಟ್ಟು 3,717. ನೀವು ಕಟ್ತಿರೋ 4,500ರಲ್ಲಿ ಅಸಲಿಗೆ ಹೋಗೋದು 783 ರೂಪಾಯಿ. ಅದೂ ಆ ತಿಂಗಳು ಕಾರ್ಡ್ ಮತ್ತೆ ಉಜ್ಜದೇ ಇದ್ರೆ. ಮಿನಿಮಮ್ ಕಟ್ಟಿದೀನಲ್ಲ ಅಂತ ಸಮಾಧಾನದಲ್ಲಿ ಇದ್ದೀರಿ, ಹೀಗೇ ಕಟ್ತಾ ಹೋದ್ರೆ ವರ್ಷಗಟ್ಟಲೆ ಮುಗಿಯಲ್ಲ.

ಇದಕ್ಕೆ ನಿಮ್ಮ ಚೀಟಿನೇ ದಾರಿ. 20 ಜನರ 2 ಲಕ್ಷದ ಚೀಟಿ, 13 ಕಂತು ಕಟ್ಟಿದ್ದೀರಿ, ಇನ್ನೂ ಎತ್ತಿಲ್ಲ, ಕೊನೇಲಿ ಪೂರ್ತಿ ಸಿಗುತ್ತೆ ಅಂತ ಕಾಯ್ತಿದ್ದೀರಿ. ಕಾಯ್ಬೇಡಿ. ಇನ್ನು 7 ತಿಂಗಳು ಕಾರ್ಡಿಗೆ ಬಡ್ಡಿನೇ ಸುಮಾರು 26 ಸಾವಿರ ಹೋಗುತ್ತೆ, 20 ಸಾವಿರ ಬಿಟ್ಟು ಕೂಗಿ ಚೀಟಿ ಎತ್ತಿದ್ರೂ ನಿಮಗೆ ಲಾಭ. ಬಂದ 1.80 ಲಕ್ಷದಲ್ಲಿ 90 ಸಾವಿರ ಅವತ್ತೇ ಕಾರ್ಡಿಗೆ ಕಟ್ಟಿ, ಉಳಿದ 90 ಸಾವಿರ ಒಡವೆ ಸಾಲಕ್ಕೆ. ಕೂಗು ನಿಮಗೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ, ಆದ್ದರಿಂದ ಟ್ಯಾಕ್ಸ್ ಕಟ್ಟೋಕೆ ಚೀಟಿಗಾಗಿ ಕಾಯ್ಬೇಡಿ, ಒಡವೆ ಸಾಲದಿಂದ ಅದನ್ನ ಮುಗಿಸಿ, ಚೀಟಿ ಬಂದಾಗ ಹೀಗೆ ಮಾಡಿ. ಎತ್ತಿದ ಮೇಲೂ ಉಳಿದ ಕಂತು ತಪ್ಪದೇ ಕಟ್ಟಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ಈ ಚೀಟಿ ಮುಗಿದ ಮೇಲೆ ರಿಜಿಸ್ಟರ್ ಆಗಿರದ ಚೀಟಿಗೆ ಮತ್ತೆ ಸೇರ್ಬೇಡಿ, ನಡೆಸೋ ಅಕ್ಕ ಎಷ್ಟೇ ಒಳ್ಳೆಯವರಾದ್ರೂ ಯಾರೋ ನಾಲ್ಕು ಜನ ಕೈಕೊಟ್ರೆ ಅವರೂ ಏನೂ ಮಾಡೋಕಾಗಲ್ಲ. ಚೀಟಿನೇ ಬೇಕು ಅಂದ್ರೆ ಎಂಎಸ್‌ಐಎಲ್ ಥರ ಸರ್ಕಾರದ್ದೇ ಇದೆ.

ಕಾರ್ಡ್ ಸೊನ್ನೆ ಆದ ದಿನ ಆ 4,500 ಬಿಡುಗಡೆ ಆಗುತ್ತೆ. ಅದಕ್ಕೆ 3,000 ಸೇರಿಸಿ 7,500ರ ಒಂದು ಆರ್‌ಡಿ ಸಂಬಳ ಬೀಳೋ ಮಾರನೇ ದಿನವೇ ಕಟ್ ಆಗೋ ಹಾಗೆ ಬ್ಯಾಂಕಲ್ಲಿ ಹಾಕ್ಸಿ, ಅದು ಸ್ಕೂಲ್ ಫೀಸಿಂದು, ಬೇರೆ ಯಾವುದಕ್ಕೂ ಮುಟ್ಟೋ ಹಾಗಿಲ್ಲ. ಫೋನ್ ಇಎಂಐ ಮುಗಿದಾಗ ಹೊಸ ಫೋನ್ ತಗೊಳ್ಳದೇ ಆ 3,600ನ್ನ ಹಾಗೇ ಇನ್ನೊಂದು ಅಕೌಂಟಿಗೆ ಬಿಡಿ, ಮನೇಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಕಾರ್ಡ್ ತೆಗಿಯೋ ಬದಲು ಅದನ್ನ ತೆಗೀಬಹುದು. ಅಪ್ಪ ಅಮ್ಮನಿಗೆ ಕಳಿಸೋ 6,000 ಕಡಿಮೆ ಮಾಡಲಾ ಅಂತ ಕೇಳಿದ್ರಿ. ಮಾಡ್ಬೇಡಿ, ಬೇರೆ ಎಲ್ಲಾ ಕಡೆ ದಾರಿ ಇದೆ.

ಕೊನೇದಾಗಿ ಆ ಇಬ್ಬರು ಫ್ರೆಂಡ್ಸ್. ಅವರಿಗೆ ನೀವೇ ಹೇಳಬೇಕು, ಫೋನಲ್ಲಿ ಅಲ್ಲ, ಕ್ಯಾಂಟೀನಲ್ಲಿ ಹತ್ತು ಜನರ ಮುಂದೆನೂ ಅಲ್ಲ, ಮನೆಗೆ ಹೋಗಿ ಕೂತು ಹೇಳಿ. ಅವರು ಸಿಟ್ಟಾಗ್ತಾರೆ, ಆಗಲಿ. ಅವರಿಗೂ ಡಿಸೆಂಬರ್ 31, ಮಾರ್ಚ್ 31 ಇವೇ ಎರಡು ತಾರೀಖು, ನೀವು ನಾಚಿಕೆಪಟ್ಕೊಂಡು ತಡ ಮಾಡಿದ ಪ್ರತಿ ತಿಂಗಳೂ ಅವರ ಲೆಕ್ಕದಲ್ಲಿ 1 ಪರ್ಸೆಂಟ್ ಬಡ್ಡಿ ಏರುತ್ತೆ. ಅವರ ಪೋರ್ಟಲ್‌ನಲ್ಲಿ ಯಾರ ಇಮೇಲ್ ಇದೆ ಅಂತ ಅಲ್ಲೇ ಕೂತು ತೆಗೆಸಿ ನೋಡಿ, ಅವರಿಗೆ ಈಗಾಗಲೇ ಮೇಲ್ ಬಂದು ಏಜೆಂಟಿನ ಐಡಿಲಿ ಬಿದ್ದಿರಬಹುದು. ಮೂರೂ ಜನ ಒಟ್ಟಿಗೆ ಒಬ್ಬ ಸಿಎ ಹತ್ರ ಹೋಗಿ, ಅವರು ನಿಜವಾಗ್ಲೂ ಸಿಎನಾ ಅಂತ ಮೆಂಬರ್‌ಶಿಪ್ ನಂಬರ್ ಕೇಳಿ ಇನ್‌ಸ್ಟಿಟ್ಯೂಟಿನ ವೆಬ್‌ಸೈಟಲ್ಲಿ ನೋಡ್ಕೊಳ್ಳಿ, ಫೀಸ್ ಇಷ್ಟು ಅಂತ ಮೊದಲೇ ಒಂದು ಮೊತ್ತ ಮಾತಾಡಿ, ಮೂರು ಜನರ ಮೂರು ವರ್ಷದ ಕಾಗದ ಬೇರೆ ಬೇರೆ ಫೈಲಲ್ಲಿ ಹಾಕ್ಕೊಂಡು ಹೋಗಿ. ರಿವೈಸ್ಡ್ ರಿಟರ್ನ್ ಆಗ್ಲಿ ಐಟಿಆರ್-ಯು ಆಗ್ಲಿ, ಹಾಕಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡೋದನ್ನ ಮರೀಬೇಡಿ, ಈ ಸಲ ಓಟಿಪಿ ಹಾಕೋಕೆ ಮುಂಚೆ ಪ್ರತಿ ಪೇಜ್ ಓದಿ ಆಮೇಲೆ ಹಾಕಿ.